ಎಲ್ಲ ಚೌಕಕ್ಕೂ ಟಿಕ್ ಹಾಕಿದ ಮೇಸ್ತ್ರಿ

ಕೋವಿಡ್ ಮುಗಿದು ಊರು ಮತ್ತೆ ಉಸಿರಾಡತೊಡಗಿದ್ದ ವರ್ಷ. ಆಗ ನಾನು ಹೊಸಪೇಟೆಯ ಒಂದು ಚಿಕ್ಕ ಸಾಫ್ಟ್‌ವೇರ್ ಕಚೇರಿಯಲ್ಲಿ ಡೇಟಾಬೇಸ್ ಡಿಸೈನರ್ ಆಗಿದ್ದೆ. ವೆಬ್‌ಸೈಟಿನಲ್ಲಿ ಜನ ತುಂಬುವ ಮಾಹಿತಿ ಯಾವ ಟೇಬಲ್ಲಿನಲ್ಲಿ, ಯಾವ ಕಾಲಂನಲ್ಲಿ ಕೂರಬೇಕೆಂದು ಮೊದಲೇ ನಿರ್ಧರಿಸುವುದು ನನ್ನ ಕೆಲಸ. ಮನೆಗೆ ಪಾಯ ಇದ್ದ ಹಾಗೆ. ಪಾಯವನ್ನು ಯಾರೂ ಹೊಗಳುವುದಿಲ್ಲ.

ಸಂಡೂರು, ತೋರಣಗಲ್ಲು ಕಡೆಯ ಗಣಿ, ಕಾರ್ಖಾನೆಗಳಿಗೆ ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರರೊಬ್ಬರು ಆರೋಗ್ಯ ಪ್ರಶ್ನಾವಳಿಯೊಂದನ್ನು ಕೇಳಿದರು. ಪ್ರಶ್ನೆಗಳಿಗೊಂದು ಟೇಬಲ್, ಆಯ್ಕೆಗಳಿಗೊಂದು, ಉತ್ತರಗಳಿಗೊಂದು. ಪ್ರತಿ ಆಯ್ಕೆಯ ಪಕ್ಕ ಅಂಕದ ಕಾಲಂ ಇರಲಿ ಎಂದರು ಅವರ ಮ್ಯಾನೇಜರ್. ಯಾಕೆಂದು ಕೇಳಿದ್ದಕ್ಕೆ, ಯಾರಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಡಾಕ್ಟರಿಗೆ ತಿಳಿಯಲಿ, ತೊಂದರೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು ಎಂದರು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಗೊತ್ತಿದ್ದರೂ, ಒಳ್ಳೆಯ ಮನುಷ್ಯ ಅನ್ನಿಸಿತು.

‘ನಿಮಗೆ ಏನೇನು ತೊಂದರೆ ಇದೆ?’ ಎಂಬ ಪ್ರಶ್ನೆಗೆ ದಮ್ಮು, ಕೆಮ್ಮು, ಬೆನ್ನುನೋವು, ಕಣ್ಣು ಮಂಜು, ಕೊನೆಯಲ್ಲಿ ‘ಯಾವುದೂ ಇಲ್ಲ’ ಎಂಬ ಆಯ್ಕೆಗಳು. ಒಂದಕ್ಕಿಂತ ಹೆಚ್ಚು ಆರಿಸಬಹುದಾದ್ದರಿಂದ ಚೆಕ್‌ಬಾಕ್ಸ್, ಅಂದರೆ ಟಿಕ್ ಹಾಕುವ ಚೌಕಗಳು. ‘ಯಾವುದೂ ಇಲ್ಲ’ ಒತ್ತಿದವರು ಬೇರೆಯದನ್ನು ಒತ್ತದಂತೆ ತಡೆಯುವ ನಿಯಮ ಬೇಕೆಂದು ನಾನು ಹಟ ಹಿಡಿದೆ. ತಡವಾಗುತ್ತದೆಂದು ಮ್ಯಾನೇಜರ್ ಅದನ್ನು ತೆಗೆಸಿದರು.

ಚಿತ್ತವಾಡ್ಗಿಯಲ್ಲಿ ನಮ್ಮ ಹಿಂದಿನ ಓಣಿಯ ಹುಲುಗಪ್ಪ ಆ ಗುತ್ತಿಗೆದಾರರ ಬಳಿ ಕೂಲಿಯಾಳುಗಳ ಗ್ಯಾಂಗೊಂದನ್ನು ನಡೆಸುವ ಮೇಸ್ತ್ರಿ. ನಾನು ಲಂಗ ತೊಡುತ್ತಿದ್ದಾಗಿನಿಂದ ನನ್ನನ್ನು ಬಲ್ಲವರು. ಆಧಾರ್, ರೇಷನ್ ಕಾರ್ಡು, ಯಾವ ಅರ್ಜಿ ಬಂದರೂ ಇಡೀ ಗ್ಯಾಂಗಿನ ಪರವಾಗಿ ಮೇಸ್ತ್ರಿಯೇ ತುಂಬುವುದು ಅವರಲ್ಲಿ ರೂಢಿ. ಅನುಭವದಿಂದ ಅವರು ಕಲಿತದ್ದು ಇಷ್ಟು: ಸ್ಕೀಮು ಬಂದಾಗ ಕಡಿಮೆ ಬರೆಸಿದವನಿಗೆ ಕಡಿಮೆಯೇ ಸಿಗುತ್ತದೆ. ಉಚಿತ ಚಿಕಿತ್ಸೆ ಎಂದು ಮ್ಯಾನೇಜರ್ ಹೇಳಿದ್ದನ್ನು ನಂಬಿ, ಕಲ್ಲು ತಿಂದು ಕರಗಿಸಿಕೊಳ್ಳುವ ವಯಸ್ಸಿನವರನ್ನೂ ಬಿಡದೆ, ಎಲ್ಲರ ಹೆಸರಿನಲ್ಲೂ ಎಲ್ಲ ಚೌಕಕ್ಕೂ ಟಿಕ್ ಹಾಕಿದರು. ‘ಯಾವುದೂ ಇಲ್ಲ’ ಎಂಬುದಕ್ಕೂ ಹಾಕಿದರು, ಒಂದೂ ಬಿಟ್ಟುಹೋಗಬಾರದಲ್ಲ.

ಮುಂದಿನ ವಾರ ಕೆಲಸದ ಜಾಗಕ್ಕೆ ಒಳಬಿಡುವ ಗೇಟ್ ಪಾಸ್‌ಗಳ ನವೀಕರಣ. ಹೆಚ್ಚು ಅಂಕ ಬಂದವರಿಗೆ ಪಾಸಿಲ್ಲ, ಪಾಸಿಲ್ಲದವರಿಗೆ ಕೆಲಸವಿಲ್ಲ. ಹುಲುಗಪ್ಪನವರ ಗ್ಯಾಂಗಿನಲ್ಲಿ ಒಬ್ಬರೂ ಉಳಿಯಲಿಲ್ಲ. ಡಾಕ್ಟರ್ ಎಂಬವರು ಮೊದಲಿನಿಂದಲೂ ಇರಲೇ ಇಲ್ಲ.

ಉತ್ತರಗಳ ಟೇಬಲ್ ತೆರೆದು ನೋಡಿ ಮ್ಯಾನೇಜರ್ ಬಳಿ ಹೋದೆ. ರೋಗ ಇದೆ ಎಂದೂ ಇಲ್ಲ ಎಂದೂ ಒಬ್ಬನೇ ಹೇಳಿದ್ದರೆ ಆ ಉತ್ತರವೇ ಅಮಾನ್ಯ, ‘ಯಾವುದೂ ಇಲ್ಲ’ ಎಂಬುದರ ಅಂಕ ಸೊನ್ನೆಯಾದ್ದರಿಂದ ಕಂಪ್ಯೂಟರಿಗೆ ಈ ಗೊಂದಲ ತಿಳಿದಿಲ್ಲ, ಎಲ್ಲರನ್ನೂ ಮತ್ತೆ ಕೇಳಬೇಕು ಎಂದೆ. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು.

“ರೋಗ ಐತಿ ಅಂತ ಅವರ ಕೈಯಾರೆ ಒತ್ಯಾರ ಮೇಡಂ, ನಾವೇನು ಕೈ ಹಿಡ್ದು ಒತ್ತಿಸಿಲ್ಲ. ‘ಯಾವುದೂ ಇಲ್ಲ’ ಅನ್ನೋ ಉತ್ತರ ಅಷ್ಟು ಅಳಿಸಿಬಿಡ್ರಿ, ಎಲ್ಲಾ ಸರಿ ಹೋಗ್ತತಿ.”

ಅಳಿಸುವುದಿಲ್ಲ ಎಂದೆ. ಅವರು ನಗುತ್ತಲೇ ನಮ್ಮ ಮಾಲೀಕರಿಗೆ ಫೋನ್ ಹಚ್ಚಿದರು. ನಾನು ಕಚೇರಿ ಮುಟ್ಟುವ ಮೊದಲೇ ಸಹೋದ್ಯೋಗಿಯೊಬ್ಬ ಆ ಉತ್ತರಗಳನ್ನು ಅಳಿಸಿ ಮುಗಿಸಿದ್ದ. ಈಗ ದಾಖಲೆಯಲ್ಲಿ ಗೊಂದಲವೇ ಇಲ್ಲ. ಅಷ್ಟೂ ಜನ ಶುದ್ಧ ರೋಗಿಗಳು. ಆ ಹೆಸರುಗಳು ಬೇರೆ ಗುತ್ತಿಗೆದಾರರಿಗೂ ಹೋದವು. ನಾನು ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಪಾಸು ಸಿಗಲಿಲ್ಲ.

ಕೆಲವು ದಿನಗಳ ನಂತರ ಹುಲುಗಪ್ಪ ಆಟೋ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೆಲಸ ಹೋದ ಸಿಟ್ಟಿಗೆ ಗ್ಯಾಂಗಿನವರು ಅವರೊಂದಿಗೆ ಮಾತು ಬಿಟ್ಟಿದ್ದರು. ಆ ಪ್ರಶ್ನಾವಳಿ ತೆರೆದಿದ್ದ ಮೊಬೈಲನ್ನು ನನ್ನ ಮುಂದೆ ಹಿಡಿದರು.

“ನೋಡವ್ವಾ, ಯಾವ್ದರ ಚೌಕ ಬಿಟ್ಟೀನೇನು? ದವಾಖಾನಿಗೆ ಇನ್ನಾ ಕರದಿಲ್ಲ. ಔಷಧಾನರ ಸಿಕ್ರ ನಮ್ಮವ್ರು ಸಮಾಧಾನ ಆಗ್ತಾರ.”

ದವಾಖಾನೆ ಇಲ್ಲ ಎಂದೆ. ಆ ಟಿಕ್‌ಗಳಿಂದಲೇ ಕೆಲಸ ಹೋದದ್ದೆಂದೂ ಹೇಳಬೇಕಾಯಿತು. ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನಾನು ಯಾರಿಗೇ ಪ್ರಶ್ನಾವಳಿ ಮಾಡಿಕೊಟ್ಟರೂ, ಈ ಉತ್ತರ ಯಾರ ಕೈಗೆ, ಯಾತಕ್ಕೆ ಹೋಗುತ್ತದೆ ಎಂಬ ಕಾಲಂ ಒಂದನ್ನು ಪ್ರಶ್ನೆಯ ಜೊತೆಗೇ ಇಡುತ್ತೇನೆ. ಅದು ಖಾಲಿ ಇದ್ದರೆ ಪ್ರಶ್ನೆ ಪರದೆಗೆ ಬರುವುದೇ ಇಲ್ಲ. ತುಂಬಿದ್ದರೆ ಉತ್ತರಿಸುವವರಿಗೂ ಕಾಣುತ್ತದೆ. ಅದನ್ನು ಕಂಡು ವಾಪಸ್ ಹೋದ ಗಿರಾಕಿಗಳೇ ಜಾಸ್ತಿ. ಕೇಳುವವನ ಮನಸ್ಸಿನಲ್ಲಿ ಇರುವುದನ್ನು ಬರೆಸಿಕೊಳ್ಳದೆ ಹೇಳುವವನ ಬಾಯಿ ಬಿಡಿಸಬಾರದು, ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ಹುಲುಗಪ್ಪ ಈಗ ಕಂಪ್ಲಿ ಕಡೆ ಗದ್ದೆ ಕೂಲಿಗೆ ಹೋಗುತ್ತಾರೆ. ಯಾರ ಅರ್ಜಿಯನ್ನೂ ತುಂಬಿಕೊಡುವುದಿಲ್ಲ, ತಮ್ಮದನ್ನು ಕೂಡ.