ಎರಡನೆಯ ಸಹಿಗೆ ಕಾದ ಯಂತ್ರ

ಯಂತ್ರಕ್ಕೆ ಏನೋ ಗೊತ್ತಾಗಿಬಿಟ್ಟಿತು ಎಂದು ಕಣ್ಣರಳಿಸಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗೆಂದು ನಾನೇನು ಧೈರ್ಯವಂತನಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹೆಬ್ಬಾಳದಿಂದ ಯಲಹಂಕಕ್ಕೆ ವಾಪಸ್ ಓಡಿಬಂದವನು. ಹೆದರಲು ನನಗೆ ದೆವ್ವ ಬೇಕಿರಲಿಲ್ಲ, ಸಿಲಿಂಡರ್ ಸಾಕಾಗಿತ್ತು. ಆದರೆ ಕಳೆದ ವರ್ಷ ಹಾಡಹಗಲು ಹನ್ನೊಂದೂವರೆಗೆ ನಡೆದದ್ದನ್ನು ಇವತ್ತಿಗೂ ವಿವರಿಸಲಾರೆ. ನೆನೆದರೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ನಮ್ಮದು ಯಲಹಂಕದಲ್ಲಿ ಬೇಕರಿಯೊಂದರ ಮೇಲಿನ ಸಣ್ಣ ಕಚೇರಿ. ಹಸುಗಳ ಲಸಿಕೆಯ ದಾಖಲೆಗೆಂದೇ ಒಂದು ಬ್ಲಾಕ್‌ಚೈನ್ ಕಟ್ಟಿದ್ದೆವು. ಅದರಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಈಗ ಅದನ್ನು ಬೇರೆ ಬೇರೆ ಚೈನ್‌ಗಳನ್ನು ಬೆಸೆಯುವ ಒಂದು ದೊಡ್ಡ ಜಾಲಕ್ಕೆ ಸೇರಿಸಬೇಕಿತ್ತು. ಸೇರಿಸಿದರೆ, ಇಲ್ಲಿಯ ಹಸು ಕೊಳ್ಳುವ ಹೊರರಾಜ್ಯದವರು ಕೂತಲ್ಲೇ ಅದರ ಲಸಿಕೆಯ ವಿವರ ನೋಡಿಕೊಳ್ಳಬಹುದು.

ಇಂಥ ಕೆಲಸಕ್ಕೆ ಇಬ್ಬರ ಸಹಿ ಬೇಕೆಂಬುದು ನಮ್ಮ ಪದ್ಧತಿ. ಸಹಿ ಎಂದರೆ ಅವರವರ ಬಳಿ ಗುಟ್ಟಾಗಿರುವ, ಪಾಸ್‌ವರ್ಡಿನಂಥ ಕೀ. ಒಂದು ನನ್ನದು, ಇನ್ನೊಂದು ಮಂಜುಳಾ ಅವರದು. ಬಾಗಲಗುಂಟೆಯಿಂದ ಬರುತ್ತಿದ್ದ ಅವರು ನಮ್ಮ ಕೆಲಸವನ್ನು ಪರೀಕ್ಷಿಸುವವರು. ಸಹಿಗೆ ಮುಂಚೆ ಏನಾದರೊಂದನ್ನು ಹಿಡಿದು "ನೋಡಿದ್ರಾ ಸಾರ್?" ಎಂದು ಕೇಳದೆ ಬಿಟ್ಟವರಲ್ಲ. ಆರು ವರ್ಷ ಆ ಪ್ರಶ್ನೆಗೆ ಹಲ್ಲು ಕಡಿದಿದ್ದೇನೆ.

ಆಮೇಲೆ ಎಐ ಏಜೆಂಟ್ ಬಂತು. ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡಿ, ತಾನೇ ಪರೀಕ್ಷಿಸಿಕೊಳ್ಳುವ ಸಾಧನ. ಅದು ಬಂದ ತಿಂಗಳಿಗೆ ಮಂಜುಳಾ ಅವರನ್ನು ಕೆಲಸದಿಂದ ಕಳಿಸಿದರು. ಮ್ಯಾನೇಜರ್ ಕಾರ್ತಿಕ್, ನನಗಿಂತ ಹದಿನೈದು ವರ್ಷ ಚಿಕ್ಕವನು, "ಅವ್ರ ಕೀನೂ ನೀವೇ ಇಟ್ಕೊಳ್ಳಿ ಸಾರ್. ಎರಡೂ ಏಜೆಂಟ್‌ಗೆ ಕೊಟ್ಬಿಡಿ, ತಲೆನೋವೇ ಇಲ್ಲ" ಅಂದ. ಇಬ್ಬರು ನೋಡಲಿ ಎಂದು ಮಾಡಿದ ನಿಯಮ ಒಂದೇ ಲ್ಯಾಪ್‌ಟಾಪಿನಲ್ಲಿ ಬಂದು ಕೂತಿತು. ಮುಂದಿನ ಸರದಿ ನನ್ನದಾದೀತೆಂದು ಎರಡನ್ನೂ ಏಜೆಂಟಿಗೆ ಕೊಟ್ಟೆ. ಮನೆಗೆ ಹೋಗಿ ಗ್ಯಾಸ್ ಮಾತ್ರ ಮೂರು ಸಲ ನೋಡಿದೆ.

ಜಾಲಕ್ಕೆ ಸೇರಿಸುವ ದಿನ ಏಜೆಂಟ್ ಎಲ್ಲವನ್ನೂ ಚಕಚಕನೆ ಮುಗಿಸಿ, ಕೊನೆಯ ಹೆಜ್ಜೆಯಲ್ಲಿ ನಿಂತುಬಿಟ್ಟಿತು. ಎರಡನೆಯ ಸಹಿಗೆ ಕಾಯುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ಎರಡೂ ಕೀ ಅದರ ಬಳಿಯೇ ಇದ್ದವು! ಆಮೇಲೆ, ಅಲ್ಲಿಯವರೆಗೆ ಇಂಗ್ಲಿಷ್ ಬಿಟ್ಟು ಒಂದಕ್ಷರ ಬರೆಯದ ಅದು, ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿತು. ನನ್ನ ಹಿಂದೆ ನಿಂತಿದ್ದ ಕಾರ್ತಿಕ್ ಅದನ್ನು ಗಟ್ಟಿಯಾಗಿ ಓದಿದ: "ಓಲೇಲಿರೋ ಸೊನ್ನೆ ನೋಡಿದ್ರಾ ಸಾರ್?"

ಓದಿ ನಕ್ಕ. "ಏನ್ ಸಾರ್, ಮಂಜುಳಾ ಒಳಗೇ ಕೂತ್ಬಿಟ್ಟಿದಾರಾ?"

ಓಲೆ ಎಂದರೆ ಹಸುವಿನ ಕಿವಿಗೆ ಹಾಕುವ ಹಳದಿ ಓಲೆ, ಅದರ ಮೇಲೆ ಊರಿನ ಹಾಲಿನ ಸಂಘ ಕೊಟ್ಟ ನಂಬರು. ಹಸುಗಳಿಗಾಗಿ ವರ್ಷಗಟ್ಟಲೆ ದುಡಿದ ನಾವ್ಯಾರೂ ಒಂದು ಹಸುವಿನ ಕಿವಿಯನ್ನು ಹತ್ತಿರದಿಂದ ನೋಡಿದವರಲ್ಲ. ಕಳಿಸಲಿದ್ದ ದಾಖಲೆಯನ್ನು ಮೂಲದ ಪಕ್ಕದಲ್ಲಿಟ್ಟು ತೆರೆದೆ. ಮೂಲದಲ್ಲಿ, ಮಂಜುಳಾ ಹೋದ ಮೇಲೆ ಸೇರಿದ ಸಂಘವೊಂದರ ನಂಬರುಗಳು ಸೊನ್ನೆಯಿಂದ ಶುರುವಾಗುತ್ತಿದ್ದವು, ಜಾಲಕ್ಕೆ ಹೊಂದಿಸುವಾಗ ಆ ಸೊನ್ನೆ ಉದುರಿಹೋಗಿತ್ತು. 0417 ಎಂಬ ಹಸುವಿನ ಲಸಿಕೆಯ ವಿವರ, ಇನ್ನೊಂದು ಸಂಘದ, ಲಸಿಕೆಯೇ ಆಗದ 417ಕ್ಕೆ ಹೋಗಿ ಕೂತಿತ್ತು. ಏಜೆಂಟ್ ಮಾಡಿದ್ದ ಹೊಂದಾಣಿಕೆಗೆ ನಾನು ನೋಡದೆ ಹೂಂ ಅಂದಿದ್ದೆ. ದಾಖಲೆ ಹೋಗಿಬಿಟ್ಟಿದ್ದರೆ, ಲಸಿಕೆಯಾಗದ ಹಸು ಲಸಿಕೆಯ ಪತ್ರ ಹೊತ್ತು ಯಾರದೋ ಕೊಟ್ಟಿಗೆ ಸೇರುತ್ತಿತ್ತು. ಅಳಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಏಜೆಂಟನ್ನು ನಿಲ್ಲಿಸಿ ಮಂಜುಳಾಗೆ ಫೋನ್ ಮಾಡಿದೆ.

"ಈಗಷ್ಟೇ ನಿಮ್ಮನ್ನ ಬೈಕೊಂಡೆ ಸಾರ್!" ಅಂದರು. "ಹೆಸರಘಟ್ಟದಲ್ಲಿ ತಂಗಿ ಮನೇಲಿದೀನಿ. ಇವ್ರ ಹಸೂಗೆ ಓಲೆ ಹಾಕ್ತಿದ್ರು. ನೋಡಿದ್ರೆ ನಂಬರ್ ಮುಂದೆ ಸೊನ್ನೆ! ನೀವು ಎದುರಿಗೇ ಇರೋ ಹಾಗೆ, 'ಓಲೇಲಿರೋ ಸೊನ್ನೆ ನೋಡಿದ್ರಾ ಸಾರ್' ಅಂತ ಬಾಯಿಗೆ ಬಂದ್ಬಿಡ್ತು. ತಂಗಿ ಇನ್ನೂ ನಗ್ತಿದಾಳೆ."

"ಇದನ್ನ ಮುಂಚೆ ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಎಲ್ಲಿಂದ ಸಾರ್? ಸೊನ್ನೆ ಇರುತ್ತೆ ಅಂತ ನಂಗೆ ಗೊತ್ತಾಗಿದ್ದೇ ಹತ್ತು ನಿಮಿಷದ ಹಿಂದೆ."

ಸಂಜೆ ಏಜೆಂಟಿನ ಕೆಲಸದ ದಾಖಲೆಯನ್ನು ಸಾಲು ಸಾಲಾಗಿ ತಡಕಿದೆ. ಎರಡನೆಯ ಸಹಿಗೆ ಕಾದದ್ದು ಇತ್ತು. ಕನ್ನಡದ ಸಾಲು ಇರಲಿಲ್ಲ. ಮರುದಿನ ಬೆಳಿಗ್ಗೆ ಕಾರ್ತಿಕ್ ಎಲ್ಲರಿಗೂ ಮೇಲ್ ಕಳಿಸಿದ್ದ: ತಪ್ಪನ್ನು ಏಜೆಂಟ್ ತಾನೇ ಹಿಡಿದಿದೆ, ಅಭಿನಂದನೆಗಳು.

"ನೀವೇ ಗಟ್ಟಿಯಾಗಿ ಓದಿದ್ರಲ್ರೀ!" ಎಂದು ಕೂಗಿದೆ.

"ಕನ್ನಡದಲ್ಲಾ? ಬಿಪಿ ಮಾತ್ರೆ ತಗೊಂಡ್ರಾ ಸಾರ್?"

ಜೀವಮಾನದಲ್ಲಿ ಮೊದಲ ಸಲ ಮೇಜು ಗುದ್ದಿದೆ. ಕಾಫಿ ಚೆಲ್ಲಿದ್ದು ನನ್ನದೇ ಕೀಬೋರ್ಡಿನ ಮೇಲೆ. ಮಂಜುಳಾ ಬಂದು ತಮ್ಮ ಕೈಯಾರೆ ಸಹಿ ಹಾಕದೆ ನನ್ನದೂ ಇಲ್ಲ ಅಂದೆ. ಕರೆಸಿದರು, ಒಂದೇ ಒಂದು ದಿನಕ್ಕೆ.

ನಡೆದದ್ದೆಲ್ಲ ನನ್ನಿಂದ ಕೇಳಿಕೊಂಡು, ಅವರು ಒಂದೊಂದು ಸೊನ್ನೆಯನ್ನೂ ನೋಡಿದರು. ಸಹಿ ಹಾಕಲು ಬೆರಳನ್ನು ಎಂಟರ್ ಗುಂಡಿಯ ಮೇಲಿಟ್ಟು, ಅಭ್ಯಾಸದಂತೆ ನನ್ನತ್ತ ತಿರುಗಿದರು.

"ಆ ಯಂತ್ರ ನನ್ ಪ್ರಶ್ನೆ ಕೇಳ್ತು, ಸರಿ. ನನ್ನ ಕಳಿಸ್ದಾಗ ನೀವ್ಯಾಕ್ ಸಾರ್ ಒಂದೂ ಕೇಳ್ಲಿಲ್ಲ?"

ಒತ್ತಿದರು. ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟಾಪಿನ ಕಡೆ ಹೊರಟರು.

ಆ ಸಾಲು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಮಂಜುಳಾ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿದೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.