ಬರ್ಕ ಮತ್ತು ಜೀರಂಗಿ

ಧಾರವಾಡದ ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಪುಸ್ತಕಗಳು ತವರಿನಲ್ಲೇ ಉಳಿದವು. ಗಂಡ ಪುಣೆಯಲ್ಲಿ ಕಲಿಯುತ್ತಿದ್ದರು. ಅವರು ಬರುವ ತನಕ ಸೊಸೆ ಹೊಸ್ತಿಲು ದಾಟಬಾರದೆಂದು ಅತ್ತೆಯವರು ಹೇಳಿದ್ದರು. ಹಿತ್ತಲಿಗೆ ಮಾತ್ರ ಹೋಗಬಹುದಿತ್ತು.

ಆ ಮಳೆಗಾಲದಲ್ಲಿ, ಅರಣ್ಯ ಖಾತೆಯಲ್ಲಿದ್ದ ಮಾವನವರು ಹಳಿಯಾಳದ ಕಾಡಿನಿಂದ ಒಂದು ಬರ್ಕ ತಂದರು. ಜಿಂಕೆಯಂಥದೇ, ಆದರೆ ಮೊಲದಷ್ಟು ಎತ್ತರ. ಕೊಂಬಿಲ್ಲ, ತೆಳ್ಳನೆಯ ಕಾಲು, ಕಂದು ಮೈಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆ. ಹಿತ್ತಲಲ್ಲಿ, ತಂತಿಯ ಜಾಳಿಗೆ ಬಡಿದ ಪೆಟ್ಟಿಗೆಯಲ್ಲಿ ಅದನ್ನು ಕೂಡಿಹಾಕಿದರು. ಅದು ಹಣ್ಣು ಮುಟ್ಟಲಿಲ್ಲ. ಯಾರಾದರೂ ಸಮೀಪ ಬಂದರೆ ಹಿಂಗಾಲಿನಿಂದ ಹಲಗೆಯನ್ನು ಟಪಟಪ ಬಡಿಯುತ್ತಿತ್ತು.

ಅದೇ ಹೊತ್ತಿಗೆ ನನ್ನ ಸಣ್ಣ ನಾದಿನಿ ಜಾಲಿಗಿಡದಿಂದ ಒಂದು ಜೀರಂಗಿ ಹಿಡಿದು, ಕುತ್ತಿಗೆಗೆ ದಾರ ಕಟ್ಟಿ ಕಡ್ಡಿಪೆಟ್ಟಿಗೆಯಲ್ಲಿಟ್ಟಿದ್ದಳು. ಹಸಿರು ಬಂಗಾರದಂತೆ ಹೊಳೆಯುವ ಹುಳು. ಹಾಕಿದ ಎಲೆ ತಿಂದು, ಸಾಬೂದಾಣಿಯಂಥ ತತ್ತಿಗಳನ್ನೂ ಇಟ್ಟಿತು.

ಅತ್ತೆಯವರು ಎರಡನ್ನೂ ನೋಡಿ ನನ್ನ ಕಡೆ ತಿರುಗಿದರು. “ಆ ಹುಳ ನೋಡವಾ, ಇಟ್ಟಲ್ಲೇ ತನ್ನ ಸಂಸಾರ ಮಾಡ್ಕೊಂಡದ. ಇದಕ್ಕೇನು ಧಾಡಿ?”

ಮಾತು ಬರ್ಕದ್ದಲ್ಲವೆಂದು ತಿಳಿಯಿತು. ನನಗೂ ಅನ್ನ ಸೇರುತ್ತಿರಲಿಲ್ಲ. ಹುಳುವಿನಂತೆ ಇರಲು ನೋಡಿದೆ. ಬಡಿಸಿದ್ದನ್ನು ನುಂಗಿದೆ, ಪರೀಕ್ಷೆಯ ಮಾತು ಬಿಟ್ಟೆ. ಆದರೆ ಒಂದು ದಿನ ನಾದಿನಿ ಪೆಟ್ಟಿಗೆ ತೆರೆದದ್ದೇ ತಡ, ಜೀರಂಗಿ ರೆಕ್ಕೆ ಬಿಚ್ಚಿ ಹಾರಿತು. ಕುತ್ತಿಗೆಯ ದಾರ ಎಳೆದುದರಿಂದ ನೆಲಕ್ಕೆ ಬಿತ್ತು. ಇದೂ ಒಗ್ಗಿಕೊಂಡಿರಲಿಲ್ಲ.

ಮರುದಿನ ಮಾವನವರಿಗೆ ಬಡಿಸುವಾಗ, ಅವರೆದುರು ಎಂದೂ ಬಾಯಿ ತೆರೆಯದ ನಾನು ಹೇಳಿಬಿಟ್ಟೆ: “ಆ ಬರ್ಕ ಬಿಟ್ಟು ಬರ್ರಿ. ಇಲ್ಲಿದ್ರ ಸಾಯ್ತದ.”

ಅವರು ತಲೆಯೆತ್ತಲಿಲ್ಲ. “ಹುಳ ಬದುಕಿಲ್ಲೇನು?”

“ಅದೂ ಹಾರಾಕ ನೋಡ್ತದರಿ. ಬಡಿದ್ರ ಸಪ್ಪಳಾಗೂದಿಲ್ಲ, ಅಷ್ಟ.”

ಅವರು ಎದ್ದು ಕೈತೊಳೆದರು. ಮುಂದಿನ ತಿರುಗಾಟಕ್ಕೆ ಹೊರಟಾಗ ಬರ್ಕವನ್ನು ಗಾಡಿಯಲ್ಲಿಟ್ಟುಕೊಂಡರು. ಮರಳಿ ಬಂದು, ಬಿಟ್ಟೊಡನೆ ಅದು ಪೊದೆ ಹೊಕ್ಕಿತೆಂದು ಅತ್ತೆಯವರಿಗೆ ಹೇಳಿದರು, ಒಳಗಿದ್ದ ನನಗೂ ಕೇಳುವಂತೆ. ಜೀರಂಗಿ ಅಷ್ಟರಲ್ಲಿ ಸತ್ತಿತ್ತು.

ಧೈರ್ಯ ಬಂದು ಮುಲ್ಕಿ ಪರೀಕ್ಷೆಯ ಮಾತನ್ನೂ ತೆಗೆದೆ. ಮಾವನವರು ಸಿಟ್ಟಾಗಲಿಲ್ಲ. ಮುಂದೆ ನೋಡೋಣ ಎಂದರು. ಗಂಡ ಓದು ಮುಗಿಸಿ ಬಂದ ಮೇಲೆ ಅವರೂ ಅದೇ ಮಾತು ಹೇಳಿದರು.