ಸಾಯದ ಡಿಸ್ಕಿಗೆ ನಾನು ಮಾಡಿದ ಸಂಸ್ಕಾರ

ಇವತ್ತು ಫೋಟೋ ತೆಗೆಸಲು ಚಳ್ಳಕೆರೆಯ ಸ್ಟುಡಿಯೋಗೆ ಹೋಗಿದ್ದೆ. ಮಾಲೀಕರು ಹಳೇ ಡಿಸ್ಕೊಂದನ್ನು ತೋರಿಸಿ, "ಇದು ಬ್ಲೂರೇ. ಮಾಮೂಲಿ ಡಿವಿಡಿ ಪ್ಲೇಯರ್‌ನಾಗೆ ಓಡಲ್ಲ. ಕೆಟ್ಟೈತೆ ಅಂತ ಜನ ಬಿಸಾಕ್ತಿದ್ರು" ಅಂದರು. ನಾನು ಅದರ ನೀಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಅಕ್ಕನ ಮದುವೆ ವಿಡಿಯೋ ಅಂಥದ್ದೇ ನೀಲಿ ಡಬ್ಬಿಯಲ್ಲಿ ಬಂದಿತ್ತು. "ಹೊಸಾ ನಮೂನಿ, ರೆಪ್ಪೆಕೂದ್ಲೂ ಕಾಣ್ತೈತಂತೆ" ಎಂದು ಅಪ್ಪ ಮೊಳಕಾಲ್ಮೂರಿನ ನಮ್ಮ ಕೇರಿಗೆಲ್ಲ ಸಾರಿದ್ದ. ಅವ್ವ ಸೆರಗು ಸರಿಮಾಡಿಕೊಂಡು ಟಿವಿ ಮುಂದೆ ಕೂತಳು. "ನಾ ಸೋಬಾನೆ ಹಾಡಿದ್ದು ಬರ್ತೈತೇನೋ?"

ಪ್ಲೇಯರ್ ಮೂರು ಸಲ ಗೊರಗುಟ್ಟಿ ‘ನೋ ಡಿಸ್ಕ್’ ಅಂತ ತೋರಿಸಿತು. ನಾನು ಡಾಕ್ಟರ್ ಗತ್ತಿನಲ್ಲಿ ಡಿಸ್ಕಿನ ನಾಡಿ ಹಿಡಿದು, "ಜೀವ ಹೋಗೈತೆ, ಯಾರೂ ಅಳಬ್ಯಾಡ್ರಿ" ಎಂದೆ. ವಿಭೂತಿ ಬಳಿದು, ಮೆರವಣಿಗೆಯಲ್ಲಿ ಒಯ್ದು, ಹಕ್ಕಿ ಬೆದರಿಸಲು ಸಜ್ಜೆ ಹೊಲದಲ್ಲಿ ನೇತುಹಾಕಿದೆ. "ಥೂ, ಕಳ್ಳ ನನ್ಮಗನೇ" ಎಂದು ಅವ್ವನೂ ನಕ್ಕಳು. ಬಿಸಿಲಿಗೆ ಅದು ಸೀಳಿಹೋಯಿತು. ಮರುವರ್ಷ ಅವ್ವ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

"ನಿಮ್ದೂ ಇದ್ರೆ ತಗಂಬರ್ರಿ, ಕಾಪಿ ಮಾಡ್ಕೊಡ್ತೀನಿ" ಅಂದರು ಮಾಲೀಕರು.

ಅಜ್ಜಿ ಹೆಂಗೆ ಹಾಡ್ತಿದ್ಲು ಅಂತ ಅಕ್ಕನ ಮಗಳು ಆಗಾಗ ಕೇಳ್ತಾಳೆ. ನಾನು ಹಾಡಿ ತೋರಿಸ್ತೀನಿ. ಅವಳು ಹೊಟ್ಟೆ ಹಿಡ್ಕೊಂಡು ನಗ್ತಾಳೆ.